ಬೋಟ್ಸ್ವಾನಾ: ವಜ್ರ, ಆಡಳಿತ ಮತ್ತು ಜನಕಲ್ಯಾಣ
1966ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನಿಂದ ಸ್ವತಂತ್ರವಾದಾಗ ಬೋಟ್ಸ್ವಾನಾದಲ್ಲಿದ್ದ ಡಾಂಬರು ರಸ್ತೆ ಸುಮಾರು 12 ಕಿ.ಮೀ., ಪದವೀಧರರು 22 ಮಂದಿ. ಮರುವರ್ಷ ಒರಾಪಾದಲ್ಲಿ ವಜ್ರದ ನಿಕ್ಷೇಪ ಪತ್ತೆಯಾಯಿತು. ಆ ನೆಲ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನದು. ಆದರೂ ಅವರ ಸರ್ಕಾರ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವರ್ಗಾಯಿಸಿತು. ದೇಶದ ಮುಂದಿನ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ನಿರ್ಧಾರ ಮತ್ತೊಂದಿಲ್ಲ. ಗಣಿ ಸಂಸ್ಥೆ ಡೆಬ್‌ಸ್ವಾನಾದಲ್ಲಿ ಸರ್ಕಾರ ಮತ್ತು ಡಿ ಬಿಯರ್ಸ್ ಕಂಪನಿಯದು ಸಮಪಾಲು. ವಜ್ರದ ಆದಾಯದ ಉಳಿತಾಯಕ್ಕೆಂದು 1994ರಲ್ಲಿ ಪುಲಾ ನಿಧಿ ಸ್ಥಾಪನೆಯಾಯಿತು.

ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು, ಜಾನ್ಸನ್ ಮತ್ತು ರಾಬಿನ್ಸನ್ 2003ರ ಅಧ್ಯಯನದಲ್ಲಿ ವಜ್ರದ ಸಂಪತ್ತನ್ನು ದೇಶದ ಏಳಿಗೆಗೆ ಬಳಸಿದ ಈ ಯಶಸ್ಸಿಗೆ ಆಡಳಿತ ಮತ್ತು ಸಮಾಜದ ಸಂಸ್ಥೆಗಳೇ ಕಾರಣವೆಂದರು. ಮುಖ್ಯಸ್ಥನನ್ನೂ ಜನ ಎದುರಿಗೇ ಟೀಕಿಸಬಹುದಾದ ‘ಕ್ಗೋಟ್ಲಾ’ ಎಂಬ ಊರ ಸಭೆ ಅವುಗಳಲ್ಲೊಂದು. ಮೂವರಿಗೂ 2024ರ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು.

ಜನಕಲ್ಯಾಣದ ವಿಷಯಕ್ಕೆ ಬಂದರೆ, ದೇಶದಲ್ಲಿ 1996ರಿಂದ 65 ವರ್ಷ ದಾಟಿದ ಎಲ್ಲರಿಗೂ ಪಿಂಚಣಿ, 2002ರಿಂದ ಎಚ್‌ಐವಿ ಸೋಂಕಿತರಿಗೆ ಉಚಿತ ಔಷಧ ಸಿಗುತ್ತಿದೆ. ಆದರೆ ಆದಾಯದ ಅಸಮಾನತೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಬೋಟ್ಸ್ವಾನಾವೂ ಇದೆ. ವಜ್ರದ ಬೇಡಿಕೆ ಕುಸಿದ 2024ರಲ್ಲಿ, ಸ್ವಾತಂತ್ರ್ಯದಿಂದಲೂ ಆಳಿದ್ದ ಪಕ್ಷ ಚುನಾವಣೆಯಲ್ಲಿ ಸೋತು, ಡುಮಾ ಬೊಕೊ ಅಧ್ಯಕ್ಷರಾದರು.