ದೋಣಿಯ ತಳಕ್ಕೊಂದು ತಗಡು

ಮಲ್ಪೆ, ಕಾಪುಗಳ ಮರಳದಂಡೆಯ ಮೇಲೆ ನಾಡದೋಣಿಯನ್ನು ನಿತ್ಯವೂ ಎಳೆದೇರಿಸುವ ಸನ್ಮಿತ್ರರಲ್ಲಿ ಒಂದು ಅರಿಕೆ. ಫೈಬರಿನ ದೋಣಿ ಅಲೆಯ ಹೊಡೆತಕ್ಕಿಂತಲೂ ನಮ್ಮ ಎಳೆತಕ್ಕೇ ಹೆಚ್ಚು ಸವೆಯುವುದುಂಟು. ತಳದ ನಡುವಣ ಏಣಿನ ನುಣುಪಾದ ಲೇಪವು ಮರಳಿನ ಘರ್ಷಣೆಯಿಂದ ಕ್ಷಯಿಸಿ, ಒಳಗಿನ ಗಾಜುನಾರು ಬೆಳ್ಳಗೆ ಎದ್ದು ಕಾಣಿಸಿತೆಂದರೆ, ನೀರು ಒಳಪದರಗಳಿಗೆ ಇಳಿಯತೊಡಗಿತೆಂದೇ ತಿಳಿಯಬೇಕು. ಎತ್ತಿಗೆ ಲಾಳ ಕಟ್ಟಿಸುವವರು ದೋಣಿಯ ಏಣಿಗೂ ತಗಡಿನ ಪಟ್ಟಿಯೊಂದನ್ನು ಹಾಕಿಸಿ ಅಷ್ಟು ಉಪಕಾರವನ್ನು ಮಾಡಬಾರದೇಕೆ?

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆಯಾದರೂ ಆ ಮಳೆಯಲ್ಲಿ ದುರಸ್ತಿಗೆ ಹಚ್ಚುವ ರಾಳ ಸರಿಯಾಗಿ ಗಟ್ಟಿಯಾಗಲಾರದು. ನಾಡದೋಣಿಗೋ ಮಳೆಗಾಲವೇ ಸುಗ್ಗಿ. ಆದಕಾರಣ ಈ ಕಾರ್ಯವನ್ನು ಬೇಸಗೆಯಲ್ಲೇ ಮುಗಿಸತಕ್ಕದ್ದು. ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಸವೆದೆಡೆಗೆ ನಾರು-ರಾಳಗಳ ಪದರವನ್ನು ಹಚ್ಚಿದ ಮೇಲಷ್ಟೇ ತಗಡಿನ ಪಟ್ಟಿ. ಅದು 316ನೆಯ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದಾಗಿರಲಿ, ತಿರುಪುಗಳೂ ಅದರವೇ ಆಗಿರಲಿ: ಅಗ್ಗವೆಂದು ಕಬ್ಬಿಣದವನ್ನು ಬೆರೆಸಿದರೆ ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ಪ್ರವಾಹ ಹುಟ್ಟಿ ಕಬ್ಬಿಣವು ಬೇಗನೆ ಸವೆದುಹೋಗುವುದು. ರಂಧ್ರಗಳನ್ನು ಏಣಿನ ಘನಭಾಗದಲ್ಲಿ ಮಾತ್ರ ಕೊರೆದು, ಒಳಮೈಗೆ ರಾಳ ಸವರಿ, ತಿರುಪಿನ ತಲೆ ತಗಡಿನೊಳಗೆ ಹುದುಗುವಂತೆ ಬಿಗಿಸಬೇಕು. ಉಬ್ಬಿದ ತಲೆಯೊಂದು, ಎದ್ದ ಅಂಚೊಂದು ಸಾಕು, ಬಲೆ ಸಿಕ್ಕಿ ಹರಿಯುವುದಕ್ಕೆ. ಮುಂಭಾಗದ ಅಂಚನ್ನಂತೂ ಅರದಿಂದ ಉಜ್ಜಿ ಇಳಿಜಾರಾಗಿಸಲೇಬೇಕು.

ತಗಡಿದೆಯೆಂಬ ಧೈರ್ಯದಿಂದ ಸೈಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳ ಮೇಲೆಯೇ ದೋಣಿಯೇರಿಸ ಹೊರಡುವವರಿಗೆ ನನ್ನಲ್ಲಿ ಉಪದೇಶವಿಲ್ಲ. ಉಳಿದವರು ಹದಿನೈದು ದಿನಕ್ಕೊಮ್ಮೆ ತಿರುಪುಗಳನ್ನು ಮುಟ್ಟಿ ನೋಡಿ, ಸಡಿಲವಾದುದನ್ನು ಬಿಚ್ಚಿ, ರಂಧ್ರ ಒಣಗಿದ ಬಳಿಕ ಮತ್ತೆ ರಾಳ ಸವರಿಯೇ ಬಿಗಿಸುವುದು ಒಳಿತು.