ಚಿಕಿತ್ಸೆಯ ಫೈಲು ಅಟ್ಟ ಸೇರದಿರಲಿ

ಅಹಮದಾಬಾದಿನ ಅಸಾರ್ವಾದಲ್ಲಿರುವ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆಯಲ್ಲೋ ಬೇರೆಲ್ಲೋ ಚಿಕಿತ್ಸೆ ಮುಗಿಸಿ ವಡೋದರಾಕ್ಕೋ ಸೂರತ್‌ಗೋ ಮರಳಿದ್ದೀರಾ? ಇನ್ನು ಕೆಮ್ಮಿಗೂ ಬಿಪಿಗೂ ನಿಮ್ಮನ್ನು ನೋಡುವವರು ನಿಮ್ಮ ಬೀದಿಯ ಡಾಕ್ಟರೇ. ನಿಮ್ಮ ಹಿಂದಿನ ಕತೆಯನ್ನು ಅವರಿಗೆ ನೀವೇ ಹೇಳಬೇಕು. ಕ್ಯಾನ್ಸರ್ ತಜ್ಞರಿಂದ ಒಂದು ಪುಟದ ಸಾರಾಂಶ ಕೇಳಿ ಪಡೆಯಿರಿ: ಯಾವ ಕೀಮೋ, ಎಷ್ಟು ಡೋಸ್, ರೇಡಿಯೇಷನ್ ಎಲ್ಲಿಗೆ, ಮುಂದಿನ ತಪಾಸಣೆ ಯಾವಾಗ.

ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ಪಡೆದವರ ಹೃದಯ ವರ್ಷಗಳ ಬಳಿಕವೂ ದುರ್ಬಲವಾಗಬಹುದು. ಏದುಸಿರು ಬಂದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಗುಜರಾತಿನಲ್ಲಿ ಮಾವಾ, ಗುಟ್ಕಾದಂಥ ಜಗಿಯುವ ತಂಬಾಕು ತಂದ ಬಾಯಿ ಕ್ಯಾನ್ಸರ್ ಹೆಚ್ಚು. ಅದಕ್ಕಾಗಿ ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಥೈರಾಯ್ಡ್ ಪರೀಕ್ಷೆಯನ್ನು ಬಿಡಬೇಡಿ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ತಿಳಿಸಿ.

ಮತ್ತೆ, ಕರ್ನಾಟಕದ ಊರಿಂದ ಬಂದು ನಿಮ್ಮೊಡನಿರುವ ಅಮ್ಮನೇ ಕ್ಯಾನ್ಸರ್‌ನಿಂದ ಗುಣವಾದವರಾದರೆ, ಆಕೆಗೆ ಗುಜರಾತಿ ಬಾರದಿದ್ದರೆ, ಡಾಕ್ಟರ ಬಳಿಗೆ ಜೊತೆಗೆ ಹೋಗಿ. ನೋವನ್ನು ಆಕೆ ಕನ್ನಡದಲ್ಲೇ ಹೇಳಲಿ, ನೀವು ದಾಟಿಸಿ.