‘ಸ್ಕೇರ್ಸ್‌ಲಿ’: ಇಂಗ್ಲಿಷ್ ಕ್ರಿಯಾವಿಶೇಷಣದ ನಿಷೇಧಾರ್ಥ ಮತ್ತು ಕನ್ನಡ ವಾಕ್ಯರಚನೆ

ಇಂಗ್ಲಿಷ್‌ನ ‘ಸ್ಕೇರ್ಸ್‌ಲಿ’ ಎಂಬ ಕ್ರಿಯಾವಿಶೇಷಣ ಮಾತಿಗಿಂತ ಬರಹದಲ್ಲಿ ಹೆಚ್ಚಾಗಿ ಕಾಣಸಿಗುವ ಪದ. ಇದನ್ನು ‘ಕಷ್ಟದಿಂದ’ ಎಂದು ಗ್ರಹಿಸಿ ಅನುವಾದಿಸಿದರೆ ಮೂಲದ ಅರ್ಥವೇ ತಲೆಕೆಳಗಾಗುವ ಸಂಭವವಿದೆ. ‘ಹಿ ಸ್ಕೇರ್ಸ್‌ಲಿ ನ್ಯೂ ದ ವಿಲೇಜ್’ ಎಂಬುದು ‘ಅವನು ಆ ಊರನ್ನು ಕಷ್ಟದಿಂದ ಅರಿತಿದ್ದನು’ ಎಂದಾದರೆ, ಊರಿನ ಪರಿಚಯವೇ ಇಲ್ಲದವನು ಅದನ್ನು ಬಲ್ಲವನಾಗಿಬಿಡುತ್ತಾನೆ. ಚರಿತ್ರೆಯ ಆಕರಗಳನ್ನೂ ಆಡಳಿತದ ದಾಖಲೆಗಳನ್ನೂ ಕನ್ನಡಕ್ಕೆ ತರುವಾಗ ಇದು ಶೈಲಿಯ ದೋಷವಾಗಿ ಉಳಿಯದೆ ಸಂಗತಿಯ ದೋಷವಾಗುತ್ತದೆ.

ರೂಪದಲ್ಲಿ ಈ ಪದ ನಿಷೇಧವಾಚಿಯಲ್ಲ. ಆದರೆ ವಾಕ್ಯದಲ್ಲಿ ಅದರ ವರ್ತನೆ ನಿಷೇಧದ್ದೇ. ಆದುದರಿಂದ ಶಿಷ್ಟ ಇಂಗ್ಲಿಷ್‌ನಲ್ಲಿ ಅದರೊಡನೆ ‘ನಾಟ್’ ಸೇರುವುದಿಲ್ಲ. ‘ಸಮ್’ ಬರಬೇಕಾದೆಡೆ ‘ಎನಿ’ ಬರುತ್ತದೆ. ವಾಕ್ಯದ ಆದಿಯಲ್ಲಿ ನಿಂತರೆ ಸಹಾಯಕ ಕ್ರಿಯಾಪದವು ಕರ್ತೃವಿಗಿಂತ ಮುಂದೆ ಬರುತ್ತದೆ: ‘ಸ್ಕೇರ್ಸ್‌ಲಿ ಹ್ಯಾಡ್ ದ ರೇನ್ ಸ್ಟಾಪ್ಡ್ ವೆನ್ ದ ಕಾರ್ಟ್ಸ್ ಲೆಫ್ಟ್’. ಇಲ್ಲಿ ಎರಡನೆಯ ಉಪವಾಕ್ಯವನ್ನು ಜೋಡಿಸುವುದು ‘ವೆನ್’; ‘ದ್ಯಾನ್’ ಎಂಬುದು ‘ನೋ ಸೂನರ್’ ರಚನೆಗೆ ಸೇರಿದ್ದು. ನಿಷೇಧವಾಕ್ಯವನ್ನು ಅನುಸರಿಸುವ ಕಿರುಪ್ರಶ್ನೆಯು ನಿಷೇಧರಹಿತವಾಗಿರುತ್ತದೆ ಎಂಬುದನ್ನು ಎಡ್ವರ್ಡ್ ಕ್ಲೈಮಾ 1964ರಲ್ಲಿ ಒಂದು ಪರೀಕ್ಷೆಯಾಗಿ ಬಳಸಿದರು. ‘ಹಿ ಸ್ಕೇರ್ಸ್‌ಲಿ ಸ್ಪೀಕ್ಸ್, ಡಸ್ ಹಿ?’ ಎಂಬ ಪ್ರಯೋಗವು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಕನ್ನಡದ ಸ್ಥಿತಿ ಭಿನ್ನ. ಇಲ್ಲಿ ನಿಷೇಧವು ಮುಖ್ಯವಾಗಿ ಕ್ರಿಯಾಪದದಲ್ಲಿ ನೆಲೆಸುತ್ತದೆ. ‘ಅರಿಯೆನು’, ‘ಬಾರನು’ ಮುಂತಾದ ರೂಪಗಳಲ್ಲಿ ಕಾಲಸೂಚಕ ಪ್ರತ್ಯಯವೇ ಇಲ್ಲದೆ ನಿಷೇಧ ಸಿದ್ಧಿಸುತ್ತದೆ. ಹೊಸಗನ್ನಡದಲ್ಲಿ ‘ಇಲ್ಲ’ ಆ ಕಾರ್ಯವನ್ನು ವ್ಯಾಪಕವಾಗಿ ನಿರ್ವಹಿಸುತ್ತದೆ. ‘ಅವನು ಎಂದೂ ಬರಲಿಲ್ಲ’ ಎಂಬಲ್ಲಿ ‘ಎಂದೂ’ ತಾನಾಗಿ ನಿಷೇಧಿಸದು. ಅದಕ್ಕೆ ‘ಇಲ್ಲ’ದ ಆಸರೆ ಬೇಕು. ಈ ಅಭ್ಯಾಸವುಳ್ಳ ಕನ್ನಡಿಗನು ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಸ್ಕೇರ್ಸ್‌ಲಿ’ಯೊಡನೆ ‘ನಾಟ್’ ಸೇರಿಸಲು ತೊಡಗುವುದು ಸಹಜ.

ಹಾಗೆಂದು ಕನ್ನಡಕ್ಕೆ ಈ ಅರ್ಥವನ್ನು ಹೇಳುವ ಶಕ್ತಿಯಿಲ್ಲವೆನ್ನಲಾಗದು. ಇಂಗ್ಲಿಷ್ ಒಂದೇ ಪದಕ್ಕೆ ವಹಿಸುವ ಕೆಲಸವನ್ನು ಕನ್ನಡವು ಹಲವು ರಚನೆಗಳಿಗೆ ಹಂಚಿಕೊಟ್ಟಿದೆ. ಪರಿಮಾಣವನ್ನು ಸೂಚಿಸುವಲ್ಲಿ ‘ಕೆರೆಯಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆಯಿತ್ತು’ ಎನ್ನಬಹುದು. ಕಾಲದ ಸಾಮೀಪ್ಯಕ್ಕೆ ‘ಮಳೆ ನಿಂತದ್ದೇ ತಡ, ಗಾಡಿಗಳು ಹೊರಟವು’ ಎಂಬ ರಚನೆಯಿದೆ. ಅನುಭವದ ಮಂದತೆಗೆ ‘ಕೇಳಿಯೂ ಕೇಳದಂತಿದ್ದ ದನಿ’ ಎಂಬ ಪ್ರಯೋಗ ಒದಗುತ್ತದೆ. ಅಸಂಭವವನ್ನು ಸೂಚಿಸಲು ‘ಅವನಿಂದ ಅದನ್ನು ನಿರೀಕ್ಷಿಸಲಾದೀತೆ?’ ಎಂಬ ಪ್ರಶ್ನಾರೂಪವೇ ಸಾಕು. ಮೊದಲು ಉದಾಹರಿಸಿದ ವಾಕ್ಯವು ‘ಅವನಿಗೆ ಆ ಊರಿನ ಪರಿಚಯ ಇಲ್ಲವೆನ್ನುವಷ್ಟು ಅಲ್ಪವಾಗಿತ್ತು’ ಎಂದಾದಾಗ ಮೂಲದ ಸಂಗತಿ ಉಳಿಯುತ್ತದೆ.

ಒಟ್ಟಿನಲ್ಲಿ, ಇಂತಹ ಪದಗಳನ್ನು ಪದಕ್ಕೆ ಪದವೆಂಬ ಕ್ರಮದಲ್ಲಿ ಕಲಿಸುವುದಕ್ಕಿಂತ ವಾಕ್ಯಕ್ಕೆ ವಾಕ್ಯವೆಂಬ ಕ್ರಮದಲ್ಲಿ ಕಲಿಸುವುದು ಯುಕ್ತ. ದ್ವಿಭಾಷಾ ನಿಘಂಟುಗಳು ‘ಸ್ಕೇರ್ಸ್‌ಲಿ’ಗೆ ಸಮಾನಪದವೊಂದನ್ನು ನೀಡಿ ವಿರಮಿಸದೆ, ಅದರ ನಿಷೇಧಗುಣವನ್ನು ಸೂಚಿಸಿ, ಮೇಲಿನ ರಚನೆಗಳನ್ನು ಉದಾಹರಣೆಸಹಿತ ಕೊಡುವುದು ಅಪೇಕ್ಷಣೀಯ.